ಯುಎಫ್‌ಒಗಳು (ಗುರುತು ಸಿಗದ ಹಾರುವ ವಸ್ತುಗಳು) ಬೇರೆ ಆಯಾಮದಿಂದ ಬರುತ್ತವೆ ಎನ್ನುವುದಕ್ಕೆ ಆಧಾರ ಇದೆಯೇ?

ಇಲ್ಲ. ಇದು ಪುರಾವೆಯಿಂದ ಹುಟ್ಟಿದ ಸಿದ್ಧಾಂತವಲ್ಲ, ಬರೀ ಊಹೆ. ಫ್ರಾನ್ಸ್ ಮೂಲದ ಯುಎಫ್‌ಒ ಸಂಶೋಧಕ ಜಾಕ್ ವಾಲೆ ಇದನ್ನು ಪ್ರಚಾರಕ್ಕೆ ತಂದವರಲ್ಲಿ ಪ್ರಮುಖರು. ಬೇರೆ ಗ್ರಹದಿಂದ ಬರುವ ನೌಕೆಗಳಾದರೆ ಇಷ್ಟೊಂದು ಸಲ ಕಾಣಿಸಿಕೊಳ್ಳುವುದೇಕೆ, ಕಣ್ಣೆದುರೇ ಮಾಯವಾಗುವುದು ಹೇಗೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ.

ಊಹೆಯ ಒಳಗುಟ್ಟು ಸರಳ. ಕಾಗದದ ಮೇಲೆ ಉದ್ದ, ಅಗಲ ಮಾತ್ರ ಬಲ್ಲ ಜೀವಿಯೊಂದಿದೆ ಎಂದುಕೊಳ್ಳಿ. ಆ ಕಾಗದದ ಮೂಲಕ ಚೆಂಡೊಂದು ಹಾದುಹೋದರೆ ಅದಕ್ಕೆ ಕಾಣುವುದು ಇಷ್ಟೇ: ಎಲ್ಲಿಂದಲೋ ಒಂದು ಚುಕ್ಕಿ ಮೂಡಿ, ವೃತ್ತವಾಗಿ ಹಿಗ್ಗಿ, ಮತ್ತೆ ಕುಗ್ಗಿ ಇಲ್ಲವಾಗುತ್ತದೆ. ನಾಲ್ಕನೇ ದಿಕ್ಕಿನಿಂದ ಬಂದ ವಸ್ತು ನಮಗೂ ಹಾಗೆಯೇ ಕಂಡೀತು.

ತೊಡಕು ಇರುವುದು ಗುರುತ್ವದಲ್ಲಿ. ಆಯಾಮವೆಂದರೆ ಇನ್ನೊಂದು ಲೋಕವಲ್ಲ, ಚಲಿಸಬಹುದಾದ ಇನ್ನೊಂದು ದಿಕ್ಕು. ಅಂಥ ದಿಕ್ಕು ವಿಶಾಲವಾಗಿ ತೆರೆದಿದ್ದರೆ ಗುರುತ್ವವೂ ಅದರೊಳಕ್ಕೆ ಹರಡಬೇಕು. ಆಗ ದೂರ ಎರಡು ಪಟ್ಟಾದರೆ ಸೆಳೆತ ಕಾಲು ಭಾಗಕ್ಕಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಗ್ರಹಗಳು ಸೂರ್ಯನ ಸುತ್ತ ಸ್ಥಿರವಾಗಿ ನಿಲ್ಲಲಾರವು. ಆದರೆ ಪ್ರಯೋಗಾಲಯದಲ್ಲಿ ಸುಮಾರು 0.05 ಮಿಲಿಮೀಟರ್ ಅಂತರದವರೆಗೂ ಅಳೆದಾಗ ಹಳೆಯ ‘ಕಾಲು ಭಾಗ’ದ ನಿಯಮವೇ ಸಿಕ್ಕಿದೆ. ಕಣಗಳೆಲ್ಲ ಕಂಪಿಸುವ ಅತಿ ಸಣ್ಣ ಎಳೆಗಳು ಎನ್ನುವ ಸ್ಟ್ರಿಂಗ್ ಸಿದ್ಧಾಂತ ಹೇಳುವ ಹೆಚ್ಚುವರಿ ಆಯಾಮಗಳೂ ಸಾಮಾನ್ಯವಾಗಿ ಪರಮಾಣುವಿಗಿಂತ ಎಷ್ಟೋ ಪಟ್ಟು ಕಿರಿದಾಗಿ ಸುರುಳಿ ಸುತ್ತಿಕೊಂಡವು, ಅಲ್ಲಿ ನೌಕೆಗೆ ಜಾಗವಿಲ್ಲ.

ಅಮೆರಿಕದ ವಾಯುಪಡೆ ‘ಬ್ಲೂ ಬುಕ್’ ಯೋಜನೆಯಲ್ಲಿ 1969ರವರೆಗೆ ಕಲೆಹಾಕಿದ 12,618 ಯುಎಫ್‌ಒ ವರದಿಗಳಲ್ಲಿ 701 ಗುರುತಿಗೆ ಸಿಗದೆ ಉಳಿದವು ನಿಜ. ಆದರೆ ‘ಗುರುತು ಸಿಗಲಿಲ್ಲ’ ಎಂದರೆ ಮಾಹಿತಿ ಸಾಲಲಿಲ್ಲ ಎಂದೂ ಇರಬಹುದು. ಅದನ್ನು ಆಯಾಮದ ಲೆಕ್ಕಕ್ಕೆ ಸೇರಿಸಲಾಗದು.