ಅರ್ಥಧಾರಿಯ ಮಾತನ್ನು ಮುಂದಿನ ಸಾಲಿನವನು ಹೇಳಿದರೆ

(ಬದಿಯಡ್ಕದ ನಿವೃತ್ತ ಅಧ್ಯಾಪಕರೊಬ್ಬರ ಪತ್ರದ ಸಾರ: ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯನ್ನು ದಿನಕ್ಕೊಂದು ಕಂತಿನಂತೆ ನೋಡುತ್ತಿದ್ದೆ. ನಾಲ್ಕನೇ ಸೀಸನ್ ಮುಗಿಯುವ ಮೊದಲೇ ನಿಮ್ಮ ಪತ್ರಿಕೆಯ ಲೇಖನ ಮುಂದಿನದ್ದನ್ನೆಲ್ಲ ಬಯಲು ಮಾಡಿತು. ಅಳಿಯನಲ್ಲಿ ಹೇಳಿದರೆ, ‘ವಾಲಿ ಸಾಯುವುದು ಗೊತ್ತಿದ್ದೂ ಬೆಳಗಿನವರೆಗೆ ತಾಳಮದ್ದಳೆ ಕೇಳುವುದಿಲ್ಲವಾ ಮಾವ?’ ಎಂದು ನಗುತ್ತಾನೆ. ನೀವೇನು ಹೇಳುತ್ತೀರಿ?)

ಮಾಷ್ಟ್ರೇ, ಮೊದಲು ತಪ್ಪೊಪ್ಪಿಗೆ. ಆ ಲೇಖನವನ್ನು ಅಚ್ಚಿಗೆ ಕಳಿಸಿದವನು ನಾನೇ. 2013ರಲ್ಲಿ ಮುಗಿದ ಧಾರಾವಾಹಿ, ಇನ್ನೆಂತಹ ಗುಟ್ಟು ಅಂದುಕೊಂಡೆ. ಆ 62 ಕಂತುಗಳನ್ನು ನೀವು ಈ ಆಟಿಯ ಮಳೆಯಲ್ಲಿ, ಕರೆಂಟು ಉಳಿದ ರಾತ್ರಿಗಳಲ್ಲಷ್ಟೇ ನೋಡುತ್ತಿದ್ದೀರಿ ಎಂಬುದು ನನ್ನ ಲೆಕ್ಕಕ್ಕೆ ಬರಲಿಲ್ಲ.

ನನ್ನದೂ ಒಂದು ತಕರಾರಿದೆ. ನಿಮ್ಮ ಪತ್ರದ ನಾಲ್ಕು ಸಾಲು ಕತ್ತರಿಸಬೇಕಾಯಿತು. ಯಾರು ಯಾರನ್ನು ಕೊಂದರೆಂದು ಹೆಸರು ಸಮೇತ ಬರೆದಿದ್ದೀರಲ್ಲ! ಅದನ್ನು ಟೈಪ್ ಮಾಡಿದ ನಮ್ಮ ಹುಡುಗಿ ಇನ್ನೂ ಎರಡನೇ ಸೀಸನ್ನಿನಲ್ಲಿದ್ದಾಳೆ. ನಿಮ್ಮ ಪಾಲಿನ ಬೈಗುಳವನ್ನೂ ನಾನೇ ತಿಂದೆ.

ಅಳಿಯನ ಮಾತು ಚುರುಕಾಗಿದೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳನ್ನು ಕೇಳಿ ಬೆಳೆದ ನಮಗೆ ಕಥೆಯ ಕೊನೆ ಹೊಸತಲ್ಲ. ವೇಷ ಕಟ್ಟದೆ, ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುವ ತಾಳಮದ್ದಳೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಹೋದವರು, ಬಾಣ ತಾಗಿತೋ ಇಲ್ಲವೋ ಎಂದು ತಿಳಿಯಲು ಹೋದವರಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ವಾಲಿ ಇವತ್ತು ಯಾವ ಪ್ರಶ್ನೆ ಹಾಕುತ್ತಾನೆ, ಎದುರು ಕೂತ ಅರ್ಥಧಾರಿ ಹೇಗೆ ಪಾರಾಗುತ್ತಾನೆ ಎಂದು ಕಾದು ಕೂತವರು. ಸಭೆಗೆ ಕಥೆ ಗೊತ್ತೆಂದು ಅರ್ಥಧಾರಿಗೂ ಗೊತ್ತು. ಅದನ್ನು ನಂಬಿಯೇ ಅವನು ಮಾತು ಕಟ್ಟುತ್ತಾನೆ. ಆದರೆ ಮುಂದಿನ ಸಾಲಿನವನೊಬ್ಬ, ಶೇಣಿಯವರು ಬಾಯಿ ತೆರೆಯುವ ಮೊದಲೇ ಅವರ ಮಾತನ್ನು ಗಟ್ಟಿಯಾಗಿ ಹೇಳಿಬಿಟ್ಟಿದ್ದರೆ? ನಿಮ್ಮ ಅಳಿಯನೇ ಅವನ ರಟ್ಟೆ ಹಿಡಿದು ಎಬ್ಬಿಸುತ್ತಿದ್ದ.

ಮುಂದಿನದ್ದನ್ನು ಮೊದಲೇ ತೋರಿಸುವ ಚಾಳಿ ಈ ಧಾರಾವಾಹಿಗೂ ಇದೆ. ಎರಡನೇ ಸೀಸನ್ ಶುರುವಾಗುವುದೇ ಈಜುಕೊಳದಲ್ಲಿ ತೇಲುವ, ಅರ್ಧ ಸುಟ್ಟ ಗುಲಾಬಿ ಬಣ್ಣದ ಕರಡಿ ಗೊಂಬೆಯಿಂದ. ಅದು ಅಲ್ಲಿಗೆ ಹೇಗೆ ಬಂತೆಂದು 13 ಕಂತು ನಾವು ತಪ್ಪು ತಪ್ಪಾಗಿ ಊಹಿಸುತ್ತೇವೆ. ಗುಟ್ಟನ್ನು ಎಷ್ಟು ಬಿಟ್ಟುಕೊಡಬೇಕು, ಯಾವಾಗ ಬಿಟ್ಟುಕೊಡಬೇಕು ಎನ್ನುವುದು ಅದನ್ನು ಕಟ್ಟಿದ ವಿನ್ಸ್ ಗಿಲ್ಲಿಗನ್ ಅವರ ಕೈಯಲ್ಲಿತ್ತು. ನಾನು ನಡುವೆ ಬಾಯಿ ಹಾಕಿದೆ.

ಇನ್ನೊಂದನ್ನು ಅಳಿಯ ಹುಡುಕುವ ಮೊದಲು ನಾನೇ ಹೇಳಿಬಿಡುತ್ತೇನೆ. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಸಣ್ಣಕಥೆಗಳನ್ನು ಓದಿಸಿ ನೋಡಿದಾಗ, ಕೊನೆ ಮೊದಲೇ ತಿಳಿದಿದ್ದವರು ಕಥೆಯನ್ನು ಹೆಚ್ಚು ಮೆಚ್ಚಿದ್ದರು. ಇರಬಹುದು. ಸಣ್ಣಕಥೆ ಒಂದು ಕೂತ ಗಳಿಗೆಯಲ್ಲಿ ಮುಗಿಯುತ್ತದೆ. ವಾರಗಟ್ಟಲೆ ದಿನವೂ ಊಟದ ಮೇಲೆ ಎದುರು ಬಂದು ಕೂರುವ ಮನುಷ್ಯ ಏನಾದಾನೆಂಬ ಚಿಂತೆಯೇ ಬೇರೆ.

ಇನ್ನು ಮುಂದೆ ನಮ್ಮ ಲೇಖನ ಮೊದಲ ಕಂತನ್ನು ದಾಟಿದರೆ, ದಾಟುವ ಜಾಗದಲ್ಲಿ ದಪ್ಪಕ್ಷರದ ಎಚ್ಚರಿಕೆ ಇರುತ್ತದೆ. ಕ್ಯಾನ್ಸರ್ ಎಂದು ತಿಳಿದ ರಸಾಯನಶಾಸ್ತ್ರದ ಮಾಷ್ಟ್ರು ಮಾದಕವಸ್ತು ತಯಾರಿಸಲು ಇಳಿದರು ಎನ್ನುವಷ್ಟನ್ನು ಹೇಳಬಹುದು, ಅದು ಮೊದಲ ಕಂತಿನಲ್ಲೇ ಇದೆ. ನೀವು ಕಲಿಸಿದ್ದೂ ರಸಾಯನಶಾಸ್ತ್ರವೇ ಎಂದು ಬರೆದಿದ್ದೀರಿ. ಆ ಬಗ್ಗೆ ನಾನು ಏನೂ ಕೇಳುವುದಿಲ್ಲ.

ಐದನೇ ಸೀಸನ್ ಮಾತ್ರ ಬಿಡಬೇಡಿ. ನಮ್ಮ ಲೇಖನದಲ್ಲಿ ಹೇಳಿದ್ದರಲ್ಲಿ ಒಂದು ತಪ್ಪು, ಬರೆದವರೂ ಒಪ್ಪಿಕೊಂಡಿದ್ದಾರೆ. ಯಾವುದೆಂದು ಈಗ ಹೇಳುವುದಿಲ್ಲ.

– ಸಂಪಾದಕ