ಊರಲ್ಲಿ ಹೀರೋ, ಊರಾಚೆ ಯಾರೋ: ಬಾಬ್ ಸೀಗರ್ ಕಥೆ

"ಕಾರ್ಖಾನೆ ಜನರ ರಾಕ್ ಗಾಯಕ ಅಂದ್ರೆ ಎಲ್ಲರೂ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹೆಸರೇ ಹೇಳ್ತಾರೆ. ಅವರನ್ನು ಬಿಟ್ಟರೆ ಇನ್ಯಾರಿದ್ದಾರೆ? ಅವರು ಸುಲಭವಾಗಿ ಮೇಲೆ ಬಂದ್ರಾ?" ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಒಂದೇ ಹೆಸರು, ಬಾಬ್ ಸೀಗರ್. ಸುಲಭವಾಗಿಯಂತೂ ಬರಲಿಲ್ಲ. ಹತ್ತು ವರ್ಷ ತನ್ನ ಊರಿನಲ್ಲಿ ಹೀರೋ, ನಾಲ್ಕೈದು ಗಂಟೆ ಕಾರು ಓಡಿಸಿ ಆಚೆ ಊರಿಗೆ ಹೋದರೆ "ಯಾರಪ್ಪಾ ಇವನು" ಅನ್ನಿಸಿಕೊಂಡ ಮನುಷ್ಯ.

ನಾನು ಸಂಗೀತ ಕಲಿತವನಲ್ಲ. ಪೀಣ್ಯದಲ್ಲಿ, ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡೋ ಟೂಲ್ ರೂಮಿನಲ್ಲಿ ಪಳಗಿದವನು. 1999ರಲ್ಲಿ ಕಂಪನಿ ಕೆಲಸದ ಮೇಲೆ ಅಮೆರಿಕದ ಕಾರು ಕಾರ್ಖಾನೆಗಳ ಊರಾದ ಡೆಟ್ರಾಯ್ಟ್ ಹತ್ತಿರದ ಒಂದು ಪ್ರೆಸ್ ಶಾಪಿಗೆ, ಅಂದ್ರೆ ತಗಡು ಒತ್ತಿ ಬಿಡಿಭಾಗ ಮಾಡೋ ಕಡೆಗೆ, ಹೋಗಿ ಎರಡು ಚಳಿಗಾಲ ಕಳೆದೆ. ಮೂರನೇ ಪ್ರೆಸ್ ನೋಡಿಕೊಳ್ಳುತ್ತಿದ್ದ ಯಜಮಾನರೊಬ್ಬರಿದ್ದರು, ರಿಟೈರ್ ಆಗೋಕೆ ಇನ್ನು ಸ್ವಲ್ಪ ವರ್ಷ ಇತ್ತು. ಅವರ ಟೂಲ್ ಬೀರುವಿನ ಮೇಲೆ ಒಂದು ರೇಡಿಯೋ. ಎಣ್ಣೆ ಕೈ ತಾಗಿ ತಾಗಿ ಅದರ ಅಸಲಿ ಬಣ್ಣ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ. ವಾಲ್ಯೂಮಿನ ನಾಬ್ ಯಾವಾಗಲೋ ಉದುರಿಹೋಗಿ ಬರೀ ಕಡ್ಡಿ ಉಳಿದಿತ್ತು. ಸೀಗರ್ ಹಾಡು ಬಂತು ಅಂದ್ರೆ ಯಜಮಾನರು ಜೇಬಿನಿಂದ ಇಕ್ಕಳ ತೆಗೆದು ಆ ಕಡ್ಡಿ ಹಿಡಿದು ತಿರುಗಿಸುತ್ತಿದ್ದರು. ಬೇರೆ ಯಾರ ಹಾಡಿಗೂ ಇಕ್ಕಳ ಹೊರಗೆ ಬಂದದ್ದು ನಾನು ನೋಡಿಲ್ಲ. ಪ್ರೆಸ್ಸಿನ ಸದ್ದಿನಲ್ಲಿ ಹಾಡಿನ ಮಾತು ಒಂದೂ ತಿಳಿಯುತ್ತಿರಲಿಲ್ಲ, ಆ ಒರಟು ಗಂಟಲು ಮಾತ್ರ ಸದ್ದನ್ನು ಸೀಳಿಕೊಂಡು ಬರುತ್ತಿತ್ತು. ನನಗೆ ಆತ ಪರಿಚಯ ಆದದ್ದು ಹೀಗೆ.

ಸೀಗರ್ ಹುಟ್ಟಿದ್ದು 1945ರಲ್ಲಿ, ಮಿಷಿಗನ್ ರಾಜ್ಯದಲ್ಲಿ. ಬೆಳೆದದ್ದು ಡೆಟ್ರಾಯ್ಟ್ ಪಕ್ಕದ ಆನ್ ಆರ್ಬರ್‌ನಲ್ಲಿ. ಅಪ್ಪ ಫೋರ್ಡ್ ಕಾರ್ಖಾನೆಯ ವೈದ್ಯಕೀಯ ವಿಭಾಗದಲ್ಲಿ ಕೆಲಸಕ್ಕಿದ್ದರು, ವಾದ್ಯ ನುಡಿಸುವ ಹುಚ್ಚೂ ಇತ್ತು. ಹುಡುಗನಿಗೆ ಹತ್ತು ವರ್ಷ ಆಗಿದ್ದಾಗ ಅವರು ಮನೆ ಬಿಟ್ಟು ಕ್ಯಾಲಿಫೋರ್ನಿಯಾಗೆ ಹೊರಟುಹೋದರು. ಅಮ್ಮ, ಅಣ್ಣ, ಈತ ಉಳಿದರು. ಅಲ್ಲಿಂದ ದುಡ್ಡಿನ ತಾಪತ್ರಯ ಶುರು. ಹೈಸ್ಕೂಲ್ ಮುಗಿಸಿ ಬಾರು, ಡ್ಯಾನ್ಸ್ ಹಾಲ್ ಅಂತ ಹಾಡುತ್ತಾ ತಿರುಗಿದ.

ಮೊದಲ ಪೆಟ್ಟು ಬಿದ್ದದ್ದು 1967ರಲ್ಲಿ. "ಹೆವಿ ಮ್ಯೂಸಿಕ್" ಅನ್ನೋ ಹಾಡು ಡೆಟ್ರಾಯ್ಟಿನಲ್ಲಿ ಜೋರಾಗಿ ಓಡುತ್ತಿತ್ತು, ಬೇರೆ ಊರಿಗೂ ಹಬ್ಬೋಕೆ ಶುರುವಾಗಿತ್ತು. ಅಷ್ಟರಲ್ಲಿ ಆ ರೆಕಾರ್ಡ್ ಹಂಚುತ್ತಿದ್ದ ಕ್ಯಾಮಿಯೋ ಪಾರ್ಕ್‌ವೇ ಕಂಪನಿಯೇ ಮುಳುಗಿತು. ಹಾಡು ಚೆನ್ನಾಗಿದೆ, ಕೇಳೋರಿದ್ದಾರೆ, ಅಂಗಡಿಗೆ ಸರಕು ಕಳಿಸೋರೇ ಇಲ್ಲ. ಇಂಥದ್ದು ನಮ್ಮ ಟೂಲ್ ರೂಮಿನವರಿಗೆ ಚೆನ್ನಾಗಿ ಅರ್ಥ ಆಗುತ್ತೆ ಬಿಡಿ.

ಆ ಕಾಲದ ಲೆಕ್ಕ ಸ್ವಲ್ಪ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿನದ್ದು ತಲೆಗೆ ಹೋಗಲ್ಲ. ಅಮೆರಿಕದಲ್ಲಿ ಆಗ ರೇಡಿಯೋ ಅಂದ್ರೆ ಊರಿನ ರೇಡಿಯೋ. ಒಂದೊಂದು ಊರಿನ ಡಿಜೆ ತನಗೆ ಹಿಡಿಸಿದ್ದನ್ನು ಹಾಕುತ್ತಿದ್ದ. ಡೆಟ್ರಾಯ್ಟಿಗೆ ನದಿಯ ಆಚೆ, ಕೆನಡಾದ ವಿಂಡ್ಸರ್‌ನಿಂದ ಸಿಕೆಎಲ್‌ಡಬ್ಲ್ಯೂ ಅನ್ನೋ 50,000 ವಾಟ್ ಸ್ಟೇಷನ್ ಕೇಳಿಸುತ್ತಿತ್ತು. ಅಲ್ಲಿ ಹಾಡು ಹಿಡಿದರೆ ಇಡೀ ಕಾರ್ಖಾನೆ ಸೀಮೆ ಗುನುಗುತ್ತಿತ್ತು. ಆದರೆ ನ್ಯೂಯಾರ್ಕಿಗೆ, ಲಾಸ್ ಏಂಜಲೀಸಿಗೆ ಹಾಡು ಮುಟ್ಟಬೇಕಾದರೆ ದೊಡ್ಡ ಕಂಪನಿ ಮನಸ್ಸು ಮಾಡಬೇಕು. ನಮ್ಮಲ್ಲಿ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಹಾಡೋರು ಇರ್ತಾರಲ್ವಾ, ತಮ್ಮ ಜಿಲ್ಲೆಯಲ್ಲಿ ಅವರ ಹೆಸರಿಗೇ ಜನ ಸೇರ್ತಾರೆ, ಪಕ್ಕದ ಜಿಲ್ಲೆಗೆ ಹೋದರೆ ಮೈಕ್ ಟೆಸ್ಟ್ ಮಾಡೋ ಹುಡುಗ ಅಂದುಕೊಳ್ತಾರೆ. ಹೆಚ್ಚುಕಡಿಮೆ ಅದೇ ಪಾಡು.

1968ರಲ್ಲಿ ಕ್ಯಾಪಿಟಲ್ ಅನ್ನೋ ದೊಡ್ಡ ಕಂಪನಿ ಸಿಕ್ಕಿತು. ಮೊದಲು ವಿಯೆಟ್ನಾಂ ಯುದ್ಧದ ವಿರುದ್ಧ ಒಂದು ಹಾಡು ಮಾಡಿದ, ಅದೂ ದೇಶದ ಮಟ್ಟದಲ್ಲಿ ಓಡಲಿಲ್ಲ. ಆಮೇಲಿನ "ರ್‍ಯಾಂಬ್ಲಿನ್ ಗ್ಯಾಂಬ್ಲಿನ್ ಮ್ಯಾನ್" 1969ರ ಶುರುವಿನಲ್ಲಿ ದೇಶದ ಹಿಟ್ ಹಾಡುಗಳ ಪಟ್ಟಿಯಲ್ಲಿ 17ನೇ ಸ್ಥಾನಕ್ಕೆ ಬಂತು. ಅದರಲ್ಲಿ ಹಿಂದೆ ಕೋರಸ್ ಹಾಡಿದವನು ಗ್ಲೆನ್ ಫ್ರೈ ಅನ್ನೋ ಊರಿನ ಹುಡುಗ. ಮುಂದೆ ಈತನೇ ಈಗಲ್ಸ್ ಬ್ಯಾಂಡ್ ಕಟ್ಟಿ ಸೀಗರ್‌ಗಿಂತ ಎಷ್ಟೋ ಮೊದಲೇ ಮೇಲೆ ಹೋದ. ಇಷ್ಟಾದ ಮೇಲೆ ದಾರಿ ಸಲೀಸು ಅಂದುಕೊಳ್ತೀರಾ? ಮುಂದಿನ ಆಲ್ಬಂ ಮಕಾಡೆ ಮಲಗಿತು. ಅದರಲ್ಲಿ ಹಲವು ಹಾಡು ಬರೆದು ಹಾಡಿದ್ದು ಬ್ಯಾಂಡಿಗೆ ಹೊಸದಾಗಿ ಬಂದ ಇನ್ನೊಬ್ಬ. ಸೀಗರ್ ಬೇಜಾರಾಗಿ, ಸಾಕಪ್ಪಾ ಈ ಸಹವಾಸ, ಕಾಲೇಜಿಗೆ ಹೋಗ್ತೀನಿ ಅಂತ ಹೊರಟ. ಸ್ವಲ್ಪ ದಿನಕ್ಕೆ ವಾಪಸ್ ಬಂದ, ಆದರೆ ಕ್ಯಾಪಿಟಲ್ ಕೈಬಿಟ್ಟು ಹೋಯಿತು.

1971ರಿಂದ 1975ರ ತನಕ ಬರೀ ರಸ್ತೆ. ರಾತ್ರಿ ಹಾಡು, ಬೆಳಗ್ಗೆ ಸಾಮಾನು ತುಂಬು, ಮುಂದಿನ ಊರಿಗೆ ಹೊರಡು. ಆ ದಿನಗಳ ಸುಸ್ತಿನ ಮೇಲೇ ಆತ ಬರೆದ ಹಾಡು "ಟರ್ನ್ ದ ಪೇಜ್". ಹೆದ್ದಾರಿ ಪಕ್ಕದ ಹೋಟೆಲಿಗೆ ಹೋದಾಗ ಉದ್ದ ಕೂದಲು ನೋಡಿ ಜನ ಹೀಯಾಳಿಸೋದು, ಸುಮ್ಮನೆ ಕೇಳಿಸದ ಹಾಗೆ ಕೂರೋದು, ಇಷ್ಟೇ ವಿಷಯ. ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಮನೆಗೆ ಹೋದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 1998ರಲ್ಲಿ ಮೆಟಾಲಿಕಾ ಅನ್ನೋ ಹೆವಿ ಮೆಟಲ್ ಬ್ಯಾಂಡಿನವರು ಅದನ್ನೇ ತಮ್ಮ ರೀತಿಯಲ್ಲಿ ಹಾಡಿದರು, ನಮ್ಮ ಕಡೆ ಜಾಸ್ತಿ ಜನಕ್ಕೆ ಗೊತ್ತಿರೋದು ಅದು.

ಈಗ ನಿಮ್ಮ ಸ್ಪ್ರಿಂಗ್‌ಸ್ಟೀನ್ ವಿಷಯಕ್ಕೆ ಬರ್ತೀನಿ. 1975ರ ಅಕ್ಟೋಬರ್‌ನಲ್ಲಿ ಟೈಮ್, ನ್ಯೂಸ್‌ವೀಕ್ ಎರಡೂ ಪತ್ರಿಕೆಗಳು ಒಂದೇ ವಾರ ಮುಖಪುಟದಲ್ಲಿ ಆತನ ಮುಖ ಹಾಕಿದವು. ಅದರ ಹಿಂದಿನ ತಿಂಗಳು, ಸೆಪ್ಟೆಂಬರ್ ಶುರುವಿನಲ್ಲಿ, ಮೂವತ್ತು ತುಂಬಿದ್ದ ಸೀಗರ್ ತನ್ನ ಸಿಲ್ವರ್ ಬುಲೆಟ್ ಬ್ಯಾಂಡ್ ಕಟ್ಟಿಕೊಂಡು ಡೆಟ್ರಾಯ್ಟಿನ ಕೋಬೋ ಹಾಲ್‌ನಲ್ಲಿ ಹಾಡಿದ. ಅದನ್ನು ರೆಕಾರ್ಡ್ ಮಾಡಿಟ್ಟುಕೊಂಡರು. 1976ರಲ್ಲಿ ಅದು "ಲೈವ್ ಬುಲೆಟ್" ಅಂತ ಆಲ್ಬಂ ಆಗಿ ಬಂತು. ಅಷ್ಟು ಹೊತ್ತಿಗೆ ಕ್ಯಾಪಿಟಲ್ ಮತ್ತೆ ಕರೆದುಕೊಂಡಿತ್ತು.

1976ರ ಜೂನ್ ತಿಂಗಳು ಈ ಕಥೆಯ ಗುಟ್ಟು ಅಂತ ನನಗೆ ಅನ್ನಿಸೋದು. ಡೆಟ್ರಾಯ್ಟ್ ಪಕ್ಕದ ಪಾಂಟಿಯಾಕ್ ಊರಿನಲ್ಲಿ ಸಿಲ್ವರ್‌ಡೋಮ್ ಅಂತ ದೊಡ್ಡ ಸ್ಟೇಡಿಯಂ. ಅಲ್ಲಿ ಸೀಗರ್ ಹಾಡಿದಾಗ ಸೇರಿದ ಜನ ಸುಮಾರು 80 ಸಾವಿರ. ಮಾರನೇ ರಾತ್ರಿ ಶಿಕಾಗೋದಲ್ಲಿ ಹಾಡಿದ. ಒಂದು ಸಾವಿರ ಜನವೂ ಇರಲಿಲ್ಲ. ಸುಮಾರು 450 ಕಿಲೋಮೀಟರ್ ದೂರ, ನಮ್ಮ ಬೆಂಗಳೂರಿಂದ ಧಾರವಾಡಕ್ಕೆ ಹೋದ ಹಾಗೆ. ಅದೇ ಗಂಟಲು, ಅದೇ ಬ್ಯಾಂಡು. ಬೇರೆಯವರಾಗಿದ್ದರೆ ಒಂದೋ ಊರಿನಲ್ಲೇ ದೊರೆಯಾಗಿ ಕೂತುಬಿಡೋರು, ಇಲ್ಲ ಕುಡಿತಕ್ಕೆ ಬೀಳೋರು. ಈತ ಶಿಕಾಗೋದಿಂದ ಮುಂದಿನ ಊರಿಗೆ ಹೊರಟ, ಅಷ್ಟೇ. ದೊಡ್ಡ ಬ್ಯಾಂಡುಗಳ ಶೋ ಶುರುವಾಗೋಕೆ ಮೊದಲು ಹಾಡೋದಕ್ಕೂ ಒಪ್ಪಿಕೊಳ್ಳುತ್ತಿದ್ದ, ಕಿಸ್ ಬ್ಯಾಂಡಿನ ಮುಂದೆ ಹೀಗೆ ಹಾಡಿದ್ದಾನೆ.

ಆ ವರ್ಷದ ಕೊನೆಗೆ ಬಂದ "ನೈಟ್ ಮೂವ್ಸ್" ಹಾಡು 4ನೇ ಸ್ಥಾನಕ್ಕೆ ಏರಿತು. ಆಗ ದೇಶಕ್ಕೆಲ್ಲ ಗೊತ್ತಾಯಿತು. ಆದರೆ ಆ ಖುಷಿಯಲ್ಲೇ 1977ರಲ್ಲಿ ಬ್ಯಾಂಡಿನ ಡ್ರಮ್ಮರ್ ಚಾರ್ಲಿ ಆಲನ್ ಮಾರ್ಟಿನ್ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ ಕಾರು ಗುದ್ದಿ, ಮತ್ತೆ ನಡೆಯೋಕೆ ಆಗದ ಹಾಗಾಯಿತು. 1980ರಲ್ಲಿ "ಅಗೇನ್ಸ್ಟ್ ದ ವಿಂಡ್" ಆಲ್ಬಂ ಪಿಂಕ್ ಫ್ಲಾಯ್ಡ್ ಅನ್ನೋ ಹೆಸರಾಂತ ಬ್ಯಾಂಡಿನವರನ್ನು ಇಳಿಸಿ ಒಂದನೇ ಸ್ಥಾನದಲ್ಲಿ ಆರು ವಾರ ಕೂತಿತು. ನನಗೆ ಆ ಆಲ್ಬಂ ಸ್ವಲ್ಪ ನಯವಾಯಿತು ಅನ್ನಿಸುತ್ತೆ, ಅರ ಹಾಕಿ ಹಾಕಿ ಅಂಚೇ ಹೋದ ಹಾಗೆ.

ಒಂದು ತಮಾಷೆ ಕೇಳಿ. ಎಲ್ಲರೂ ಕುಣಿಯೋ "ಓಲ್ಡ್ ಟೈಮ್ ರಾಕ್ ಅಂಡ್ ರೋಲ್" ಬೇರೆಯವರು ಬರೆದ ಹಾಡು. ಅದರ ಸಾಲುಗಳಲ್ಲಿ ಬಹಳಷ್ಟನ್ನು ಸೀಗರ್ ತಿದ್ದಿ ಬರೆದ, ಬರೆದವರ ಪಟ್ಟಿಯಲ್ಲಿ ಮಾತ್ರ ತನ್ನ ಹೆಸರು ಹಾಕಿಸಲಿಲ್ಲ. 1983ರಲ್ಲಿ ಟಾಮ್ ಕ್ರೂಸ್ ಸಿನಿಮಾದಲ್ಲಿ ಬಂದು ಹಾಡು ಲೋಕವೆಲ್ಲ ಸುತ್ತಿತು. ಬರೆದವರಿಗೆ ಹೋಗೋ ದುಡ್ಡಿನಲ್ಲಿ ಈತನಿಗೆ ಪಾಲಿಲ್ಲ. ಇನ್ನೊಂದು ಇದಕ್ಕೆ ಉಲ್ಟಾ. ಆತನ ಹಾಡುಗಳಲ್ಲಿ ಒಂದನೇ ಸ್ಥಾನಕ್ಕೆ ಹೋದದ್ದು 1987ರ "ಶೇಕ್‌ಡೌನ್" ಒಂದೇ. ಅದನ್ನು ಹಾಡಬೇಕಿದ್ದವನು ಹಳೇ ಗೆಳೆಯ ಗ್ಲೆನ್ ಫ್ರೈ. ಆತನ ಗಂಟಲು ಕೆಟ್ಟಿತು, ಸೀಗರ್‌ನನ್ನು ಕರೆಸಿದರು. ಆತನ ಹಾಡುಗಳಲ್ಲೇ ಅದು ತೀರಾ ಸಾಧಾರಣ ಅಂತ ನನ್ನ ಅಭಿಪ್ರಾಯ, ಬೈಯ್ಯೋರು ಬೈಯ್ಯಿರಿ.

ಜನ ಜಾಸ್ತಿ ಬೈದದ್ದು ಜಾಹೀರಾತಿಗೆ. "ಲೈಕ್ ಎ ರಾಕ್" ಅನ್ನೋ 1986ರ ಹಾಡನ್ನು 1991ರಿಂದ ಷೆವರ್ಲೆ ಟ್ರಕ್ಕಿನ ಟಿವಿ ಜಾಹೀರಾತಿಗೆ ಕೊಟ್ಟ. 2004ರ ತನಕ ಓಡಿತು. ನಾನಿದ್ದಾಗ ಯಾವ ಚಾನೆಲ್ ಹಾಕಿದರೂ ಅದೇ. ರಾಕ್ ಹಾಡುಗಾರ ಕಂಪನಿಗೆ ಮಾರಿಕೊಂಡ ಅಂತ ಬರೆದವರು ಬರೆದರು. ಆತ ಮೊದಲು ಒಪ್ಪಿರಲಿಲ್ಲ. ಡೆಟ್ರಾಯ್ಟಿನ ಕಾರ್ಖಾನೆಗಳಲ್ಲಿ ಜನ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲ, ಊರಿನವರಿಗೆ ಏನಾದರೂ ಆಗಲಿ ಅಂತ ಕೊಟ್ಟ. ನಮ್ಮ ಯಜಮಾನರ ಮುಂದೆ ಒಮ್ಮೆ ಈ ಮಾತು ತೆಗೆದೆ. ಅವರು ಒತ್ತಿ ತೆಗೆದ ಬಿಸಿ ಪಟ್ಟಿಯೊಂದನ್ನು ಕೈಗವಸಿನಲ್ಲಿ ಹಿಡಿದು ನನ್ನ ಮುಂದೆ ಆಡಿಸಿ, "ಇದು ಎಲ್ಲಿಗೆ ಹೋಗುತ್ತೆ ಗೊತ್ತಾ?" ಅಂದರು. ಟ್ರಕ್ಕಿನ ಬಾಗಿಲಿಗೆ. ನಾನು ಮತ್ತೆ ಆ ವಿಷಯ ಎತ್ತಲಿಲ್ಲ.

ಈ ನಡುವೆಯೇ ಮಕ್ಕಳು ಚಿಕ್ಕವರು ಅಂತ ಹತ್ತು ವರ್ಷ ಹಾಡೋದನ್ನೇ ಬಿಟ್ಟು ಮನೆಯಲ್ಲಿದ್ದ. ತನ್ನ ಹತ್ತು ವರ್ಷದಲ್ಲಿ ಅಪ್ಪ ಹೊರಟುಹೋದದ್ದಕ್ಕೂ ಇದಕ್ಕೂ ನಂಟಿದೆ ಅಂತ ನನಗೆ ಅನ್ನಿಸುತ್ತೆ. ಹಾಯಿದೋಣಿ ಓಡಿಸಿ ರೇಸ್ ಗೆದ್ದ. 2004ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ, ಅಂದ್ರೆ ರಾಕ್ ಸಂಗೀತದ ದೊಡ್ಡವರ ಗೌರವ ಪಟ್ಟಿಗೆ, ಸೇರಿಸಿದರು. 2006ರಲ್ಲಿ ಹೊಸ ಆಲ್ಬಂ ತಂದ. 2017ರಲ್ಲಿ ಬೆನ್ನುಮೂಳೆ ಕೈಕೊಟ್ಟು ಟೂರ್ ಅರ್ಧಕ್ಕೆ ನಿಂತಿತು. ಚೇತರಿಸಿಕೊಂಡು ಬಂದು 2019ರ ನವೆಂಬರ್ 1ರಂದು ಫಿಲಡೆಲ್ಫಿಯಾದಲ್ಲಿ ಕೊನೇ ಟೂರ್ ಮುಗಿಸಿದ.

ನಿಮಗೆ ಈ ಹೆಸರು ಕೇಳಿ ಗೊತ್ತಿಲ್ಲದಿದ್ದರೆ ಅದಕ್ಕೂ ಕಾರಣ ಇದೆ. 2017ರ ತನಕ ಆತನ ಹಾಡು ಸ್ಪಾಟಿಫೈನಂಥ ಕಡೆ ಹುಡುಕಿದರೂ ಸಿಗುತ್ತಿರಲಿಲ್ಲ. ಈಗ ಸಿಗುತ್ತೆ. ಕೋಬೋ ಹಾಲ್ ಆಲ್ಬಂನಿಂದ ಶುರು ಮಾಡಿ. ಅದರಲ್ಲಿನ "ಟರ್ನ್ ದ ಪೇಜ್" ಕೇಳಿ, ಆಲ್ಟೋ ರೀಡ್ ಊದುವ ಸ್ಯಾಕ್ಸೋಫೋನ್ ಮೊದಲು ಬರುತ್ತೆ, ಖಾಲಿ ರಸ್ತೆಯಲ್ಲಿ ದೂರದಿಂದ ಲಾರಿ ಬಂದ ಹಾಗೆ.

ಅಂದ ಹಾಗೆ, ವಾಪಸ್ ಬರೋ ಮುಂಚೆ ಯಜಮಾನರನ್ನು ಕೇಳಿದ್ದೆ, 76ರ ಸಿಲ್ವರ್‌ಡೋಮ್ ಶೋಗೆ ನೀವು ಹೋಗಿದ್ರಾ ಅಂತ. ಟಿಕೆಟ್ ತಗೊಂಡಿದ್ದರಂತೆ. ಅವತ್ತು ಓವರ್‌ಟೈಮ್ ಹಾಕಿಬಿಟ್ಟರು, ಟಿಕೆಟ್ಟನ್ನು ಭಾಮೈದನಿಗೆ ಕೊಟ್ಟೆ ಅಂದರು. ಭಾಮೈದ ಅದರ ದುಡ್ಡು ಇನ್ನೂ ಕೊಟ್ಟಿಲ್ಲವಂತೆ.