ಬರೀ ‘ಲೀ-ಎನ್‌ಫೀಲ್ಡ್’ ಎಂದರೆ ಸಾಲದು, ಮಾರ್ಕ್ ಯಾವುದು?

ಪ್ರಶ್ನೆ: ನನ್ನ ಬಳಿ ಬ್ರಿಟಿಷ್ ಸೇನೆಯ ಹಳೆಯ .303 ಲೀ-ಎನ್‌ಫೀಲ್ಡ್ ರೈಫಲ್ ಇದೆ. ಬೋಲ್ಟ್ ಹಿಡಿಯ ಕೆಳಗಿನ ಲೋಹದ ಮೇಲೆ ಕಿರೀಟ, ಜಿ.ಆರ್., 1917, ‘ಎಸ್‌ಎಚ್‌ಟಿ ಎಲ್‌ಇ’, ರೋಮನ್ 3 ಮತ್ತು ಪಕ್ಕದಲ್ಲೊಂದು ನಕ್ಷತ್ರ ಇವೆ. ಖಾಲಿ ತೋಟಾವನ್ನು ಬೋಲ್ಟ್ (ಹಿಂದೆ ಮುಂದೆ ಜಾರುವ ದಂಡ) ಎಳೆದು ತರುತ್ತಿಲ್ಲ. ಅದರ ಮುಂತುದಿಯ ತುಂಡು ಬದಲಿಸೋಣವೆಂದು ‘ಲೀ-ಎನ್‌ಫೀಲ್ಡ್ ಬೋಲ್ಟ್ ಹೆಡ್’ ಎಂದು ಕೇಳಿ ತರಿಸಿದೆ. ಅದರ ಮೇಲೆ 2 ಎಂಬ ಅಂಕಿ ಇದೆ, ಆದರೆ ಕೂರುತ್ತಲೇ ಇಲ್ಲ.

ಉತ್ತರ: ನಿಮಗೆ ಬಂದಿರುವುದು ನಂಬರ್ 4 ಎಂಬ ನಂತರದ ಲೀ-ಎನ್‌ಫೀಲ್ಡ್ ಮಾದರಿಯದು. ನಿಮ್ಮದು ನಂಬರ್ 1, ಮಾರ್ಕ್ 3 ಸ್ಟಾರ್: ಅಚ್ಚಿನಲ್ಲಿರುವ ‘ಎಸ್‌ಎಚ್‌ಟಿ ಎಲ್‌ಇ’ ಎಂದರೆ ಗಿಡ್ಡ ಲೀ-ಎನ್‌ಫೀಲ್ಡ್, ರೋಮನ್ 3 ಮತ್ತು ನಕ್ಷತ್ರ ಅದರ ಮಾರ್ಕ್, ಅಂದರೆ ಆವೃತ್ತಿ. ಹೆಸರಿನಲ್ಲಿ ಅಣ್ಣತಮ್ಮಂದಿರಾದರೂ ಬೋಲ್ಟ್ ಹೆಡ್ಡಿನ ಮಟ್ಟಿಗೆ ನೆಂಟಸ್ತಿಕೆಯೇ ಇಲ್ಲ. ನಂಬರ್ 1ರ ಹೆಡ್ಡಿಗೆ ಕೊಕ್ಕೆಯಂಥ ಚಾಚು ಇದ್ದು, ಅದು ರಿಸೀವರಿನ (ಬೋಲ್ಟ್ ಓಡಾಡುವ ಲೋಹದ ಒಡಲಿನ) ಬಲ ಅಂಚನ್ನು ಹೊರಗಿನಿಂದ ಹಿಡಿದು ಜಾರುತ್ತದೆ. ನಂಬರ್ 4ರದು ಅಂಚಿನ ಒಳಗಿನ ತೋಡಿನಲ್ಲಿ ಓಡುತ್ತದೆ. 0ಯಿಂದ 3ರವರೆಗಿನ ಅಂಕಿಗಳು ನಂಬರ್ 4ರ ಹೆಡ್ಡುಗಳಿಗೆ ಮಾತ್ರ. ಅಂಕಿ ಏರಿದಂತೆ ಉದ್ದ ಕೂದಲೆಳೆಯಷ್ಟು ಏರುತ್ತದೆ.

ಎರಡನ್ನೂ ದೂರದಿಂದಲೇ ಗುರುತಿಸಬಹುದು. ನಂಬರ್ 1ರ ಮೂತಿಯನ್ನು ಮೊಂಡಾದ ಲೋಹದ ಟೊಪ್ಪಿ ಪೂರ್ತಿ ಮುಚ್ಚಿರುತ್ತದೆ, ಹಿಂದಿನ ಗುರಿಪಟ್ಟಿ ನಳಿಗೆಯ ಮೇಲಿರುತ್ತದೆ. ನಂಬರ್ 4ರಲ್ಲಿ ನಳಿಗೆಯ ತುದಿ ಹೊರಗೆ ಚಾಚಿರುತ್ತದೆ, ಗುರಿಪಟ್ಟಿ ಹಿಂದೆ ಸರಿದು ಕಣ್ಣಿನ ಹತ್ತಿರಕ್ಕೆ ಬಂದಿರುತ್ತದೆ.

ಅಂದಹಾಗೆ, ನಿಮ್ಮ ದೂರಿಗೆ ಹೆಡ್ ಬದಲಿಸುವುದೇ ಮೊದಲ ಮದ್ದಲ್ಲ. ಬೋಲ್ಟ್ ತೆಗೆದು ಎಕ್ಸ್‌ಟ್ರಾಕ್ಟರನ್ನು (ಖಾಲಿ ತೋಟಾವನ್ನು ಹಿಡಿದೆಳೆಯುವ ಕೊಕ್ಕೆ) ಉಗುರಿನಿಂದ ಹೊರಕ್ಕೆ ಒತ್ತಿ ನೋಡಿ. ಬಿಟ್ಟೊಡನೆ ಟಪ್ಪೆಂದು ಮರಳದಿದ್ದರೆ ಅದರ ಸಣ್ಣ ಚಪ್ಪಟೆ ಸ್ಪ್ರಿಂಗ್ ಸೋತಿದೆ. ಸ್ಪ್ರಿಂಗ್ ಗಟ್ಟಿಯಿದ್ದರೆ ಎಕ್ಸ್‌ಟ್ರಾಕ್ಟರಿನ ತುದಿಯ ಕೊಕ್ಕನ್ನು ಭೂತಗನ್ನಡಿಯಲ್ಲಿ ನೋಡಿ. ಅಂಚು ಚೂಪಾಗಿರಬೇಕು, ದುಂಡಗಾಗಿದ್ದರೆ ಅದನ್ನೊಂದೇ ಬದಲಿಸಿದರೆ ಸಾಕು. ನನ್ನ ಅಭಿಪ್ರಾಯದಲ್ಲಿ ಹೊಸದಾಗಿ ಎರಕ ಹೊಯ್ದ ನಕಲಿಗಿಂತ ಸೇನೆಯ ಕಾಲದ ಬಳಸಿದ ಭಾಗವೇ ಮೇಲು.

ಹೆಡ್ ಬದಲಿಸಲೇಬೇಕಾದರೆ ಎರಡು ಪರೀಕ್ಷೆ ಮಾಡಿ. ಕೈಯಿಂದ ಪೂರ್ತಿ ತಿರುಗಿಸಿದಾಗ ಹೆಡ್ಡಿನ ಚಾಚು ಬೋಲ್ಟಿನ ಉದ್ದನೆಯ ಉಬ್ಬುಗೆರೆಗೆ ಸರಿಸುಮಾರು ನೇರವಾಗಿ ನಿಲ್ಲಬೇಕು. ಅದನ್ನು ತೀರ ದಾಟಿ ಹೋಗುವಂತಿದ್ದರೆ ರೈಫಲಿನೊಳಗೆ ಹೆಡ್ ಅಷ್ಟು ಸಡಿಲವಾಗಿಯೇ ನಿಲ್ಲುತ್ತದೆ, ಗುಂಡಿನ ಹೊಡೆತವನ್ನೆಲ್ಲ ಥ್ರೆಡ್ಡೇ ಹೊರಬೇಕಾಗುತ್ತದೆ. ಎರಡನೆಯದು ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟಿನ ಮುಖಕ್ಕೂ ತೋಟಾದ ಅಂಚು ಕೂರುವ ಜಾಗಕ್ಕೂ ನಡುವಿನ ಅಂತರ. .303 ಅಂಚುಳ್ಳ ತೋಟಾ. 0.064 ಇಂಚಿನ ಗೇಜಿನ ಮೇಲೆ ಬೋಲ್ಟ್ ಸಲೀಸಾಗಿ ಮುಚ್ಚಬೇಕು, 0.074ರ ಗೇಜಿನ ಮೇಲೆ ಮುಚ್ಚಬಾರದು. ಇದನ್ನು ಬಂದೂಕು ಕೆಲಸ ಬಲ್ಲವರ ಕೈಯಲ್ಲೇ ನೋಡಿಸಿ.

ಮಾರುವವರಿಗೆ ರೈಫಲಿನ ಹೆಸರು ಬರೆದು ಸುಮ್ಮನಾಗಬೇಡಿ. ಮಾರ್ಕ್, ವರ್ಷ, ಕಾರ್ಖಾನೆಯ ಅಚ್ಚು, ಹಳೆಯ ಭಾಗದ ಎರಡೂ ಬದಿಯ ಚಿತ್ರ, ಪಕ್ಕದಲ್ಲೊಂದು ಅಳತೆಪಟ್ಟಿ, ಇಷ್ಟನ್ನೂ ಕಳಿಸಿ. ಡಿ.ಪಿ. ಎಂಬ ಅಚ್ಚಿನ ರೈಫಲುಗಳು ಕವಾಯತಿಗೆ ಮಾತ್ರ ಇಟ್ಟವು. ಅವುಗಳ ಬೋಲ್ಟ್, ರಿಸೀವರ್ ಬೇಡ. ಹಲವು ದೇಶಗಳಲ್ಲಿ ನಳಿಗೆ, ಬೋಲ್ಟ್, ರಿಸೀವರ್‌ಗಳಿಗೆ ಬಂದೂಕಿನದೇ ಕಾನೂನು ಅನ್ವಯಿಸುತ್ತದೆ. ತರಿಸುವ ಮುಂಚೆ ವಿಚಾರಿಸಿಕೊಳ್ಳಿ.

ಪ್ರಶ್ನೆ: ಅದೇ ಮಾರ್ಕ್ 3ರ ಹಿಂಬದಿ ಮರ ಅಲುಗಾಡುತ್ತಿದೆ. ಹಿಂದಿನ ಸಣ್ಣ ಬಾಗಿಲು ತೆಗೆದು ಉದ್ದ ಸ್ಕ್ರೂಡ್ರೈವರ್ ಹಾಕಿ ಬಿಗಿ ಮಾಡಲೇ?

ಉತ್ತರ: ಹಾಗೆಯೇ ತಿರುಗಿಸಬೇಡಿ! ಹಿಂಬದಿ ಮರವನ್ನು ಹಿಡಿದಿರುವ ಆ ಉದ್ದ ತಿರುಪು ಬೋಲ್ಟಿನ (ತೋಟಾ ಎಳೆಯುವ ಬೋಲ್ಟ್ ಬೇರೆ) ಮುಂತುದಿ ಚೌಕ. ಅದು ರಿಸೀವರನ್ನು ದಾಟಿ, ಮುಂಬದಿ ಮರದ ಹಿಂತುದಿಯಲ್ಲಿರುವ ತಗಡಿನ ಸೀಳಿನಲ್ಲಿ ಕೂತಿರುತ್ತದೆ. ಮುಂಬದಿ ಮರ ಇರುವಾಗಲೇ ತಿರುಗಿಸಿದರೆ ಚೌಕ ತುದಿ ಮರವನ್ನು ಒಳಗಿನಿಂದ ಸೀಳುತ್ತದೆ. ಹಿಂತುದಿಯಲ್ಲಿ ಉದ್ದಕ್ಕೆ ಬಿರಿದ ಎಷ್ಟೋ ಮರಗಳ ಕಥೆ ಇದೇ.

ರೈಫಲ್ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು ಬೋಲ್ಟ್, ಮ್ಯಾಗಜೀನ್ ತೆಗೆಯಿರಿ. ಆಮೇಲೆ ಮೂತಿಯ ಟೊಪ್ಪಿಯ ಸ್ಕ್ರೂಗಳು, ಪಟ್ಟಿ, ಮೇಲಿನ ಮರ, ಕೊನೆಗೆ ಕುದುರೆಯ (ಟ್ರಿಗರಿನ) ಕಾವಲಿನ ಮುಂದಿನ ಮತ್ತು ಹಿಂದಿನ ಸ್ಕ್ರೂ. ಟೊಪ್ಪಿ ಅಂಟಿಕೊಂಡಿದ್ದರೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ, ಮೀಟಬೇಡಿ. ಸ್ಕ್ರೂಡ್ರೈವರಿನ ತುದಿ ಸೀಳಿನ ಪೂರ್ತಿ ಅಗಲ ತುಂಬುವಂತಿರಬೇಕು. ಇಲ್ಲದಿದ್ದರೆ ನೂರು ವರ್ಷದ ಸ್ಕ್ರೂ ಒಂದೇ ಜಾರಿಗೆ ಹಾಳು. ಕಳೆದ ಸ್ಕ್ರೂವಿನ ಜಾಗಕ್ಕೆ ಕೈಗೆ ಸಿಕ್ಕ ಮೆಟ್ರಿಕ್ ಸ್ಕ್ರೂ ತುರುಕಬೇಡಿ. ಇಲ್ಲಿನ ಥ್ರೆಡ್ಡುಗಳು ಇಂಚಿನ ಲೆಕ್ಕದವು.

ಮುಂಬದಿ ಮರ ಕೆಳಗಿಳಿದ ಮೇಲೆ ಹಿಂಬದಿಯ ರಂಧ್ರದಲ್ಲಿರುವ ಬಿರಡೆಯಂಥ ತುಂಡನ್ನು ಎಳೆದು ತೆಗೆದು ಆ ಉದ್ದ ಬೋಲ್ಟ್ ಬಿಗಿಮಾಡಿ. ಚೌಕದ ಬದಿಗಳು ತಗಡಿನ ಸೀಳಿಗೆ ಸರಿಹೊಂದುವಂತೆ ನಿಲ್ಲಿಸಿ ಜೋಡಿಸಿ. ಹೊಸ ಹಿಂಬದಿ ಮರವೇ ಬೇಕಾದರೆ ಅದರ ಮೇಲ್ಭಾಗದ ಅಕ್ಷರ ನೋಡಿ: ಎಸ್ ಗಿಡ್ಡ, ಎಲ್ ಉದ್ದ, ಬಿ ಇನ್ನೂ ಗಿಡ್ಡ. ಒಣಗಿದ ಮರಕ್ಕೆ ಹಸಿ ಅಗಸೆ ಎಣ್ಣೆಯನ್ನು ತೆಳ್ಳಗೆ ಉಜ್ಜಿ. ವಾರ್ನಿಷ್ ಬೇಡ, ಉಪ್ಪುಕಾಗದವಂತೂ ಬೇಡವೇ ಬೇಡ. ಅಚ್ಚುಗಳು ಅಳಿಸಿಹೋದರೆ ಗುರುತೇ ಹೋಯಿತು.

ಪ್ರಶ್ನೆ: ನನ್ನ ಮಾರ್ಟಿನಿ-ಹೆನ್ರಿ (ಬ್ರಿಟಿಷರ ಹಳೆಯ ಒಂಟಿ ತೋಟಾ ರೈಫಲ್) ಮೇಲೆ ಕಿರೀಟ, ವಿ.ಆರ್., 1906 ಎಂದಿದೆ. ತರಿಸಿದ ಯಾವ ಭಾಗವೂ ಕೂರುತ್ತಿಲ್ಲ.

ಉತ್ತರ: ವಿ.ಆರ್. ಎಂದರೆ ವಿಕ್ಟೋರಿಯಾ ರಾಣಿ. ಆಕೆ ತೀರಿಕೊಂಡದ್ದು 1901ರ ಜನವರಿಯಲ್ಲಿ. 1906ರಲ್ಲಿ ಯಾವ ಸರ್ಕಾರಿ ಕಾರ್ಖಾನೆಯೂ ಆಕೆಯ ಮುದ್ರೆ ಒತ್ತುತ್ತಿರಲಿಲ್ಲ. ಇದು ಖೈಬರ್ ಕಣಿವೆಯ ಕಡೆ ಕೈಯಲ್ಲಿ ಅರದಿಂದ ಉಜ್ಜಿ ಮಾಡಿದ ನಕಲಿರಬೇಕು. ಎನ್‌ಫೀಲ್ಡ್ ಎಂಬ ಇಂಗ್ಲಿಷ್ ಪದದಲ್ಲಿ ಎನ್ ಅಕ್ಷರ ತಿರುಗುಮುರುಗಾಗಿದೆಯೇ, ಸಾಲು ಸೊಟ್ಟಗಿದೆಯೇ ನೋಡಿ. ಒಂದೊಂದು ಭಾಗವನ್ನೂ ಅದೇ ಬಂದೂಕಿಗೆಂದು ಉಜ್ಜಿ ಕೂರಿಸಿರುವುದರಿಂದ ಸಿದ್ಧ ಭಾಗ ಹೊಂದುವುದಿಲ್ಲ. ಉಕ್ಕಿನ ಗುಣವೂ ನಂಬುವಂಥದಲ್ಲ. ಗೋಡೆಗೆ ಚೆಂದ, ಗುಂಡು ಹಾರಿಸಲು ಬೇಡ.

ಪ್ರಶ್ನೆ: ಯುಗೊಸ್ಲಾವ್ ಎಂ48 ಮೌಸರಿಗೆ ಜರ್ಮನ್ ಕೆ98ಕೆ ಮರ ಹೊಂದೀತೇ?

ಉತ್ತರ: ಇಲ್ಲ. ಎಂ48ರ ರಿಸೀವರ್ ಸುಮಾರು ಕಾಲು ಇಂಚು ಗಿಡ್ಡ. ಮರವೂ ಹೊಂದದು, ಬೋಲ್ಟೂ ಹೊಂದದು. ಎಂ48 ಅಥವಾ ಅಷ್ಟೇ ಗಿಡ್ಡ ರಿಸೀವರಿನ ಎಂ24/47 ಎಂದೇ ಕೇಳಿ.